ಪುಣ್ಯಪತ್ತನದಲ್ಲಿ ಪ್ರಥಮ ಸೌನಾ ಪ್ರವೇಶ: ಒಂದು ಮೀಮಾಂಸೆ

ಸೌನಾ ಎಂಬುದು ಫಿನ್ಲೆಂಡಿನವರು ಮರದ ಹಲಗೆಯ ಕಿರುಕೋಣೆಯೊಳಗೆ ಕಲ್ಲು ಕಾಯಿಸಿ, ಅದರ ಮೇಲೆ ನೀರು ಚಿಮುಕಿಸಿ, ಆ ಬಿಸಿಯಲ್ಲಿ ಬೆವರುತ್ತ ಕುಳಿತುಕೊಳ್ಳುವ ಸಂಸ್ಕಾರವಾಗಿದ್ದು, ಸುಮಾರು 55 ಲಕ್ಷ ಜನರಿರುವ ಆ ದೇಶದಲ್ಲಿ ಇಂಥ ಕೋಣೆಗಳು 30 ಲಕ್ಷಕ್ಕೂ ಮಿಕ್ಕಿ ಇವೆ. ಯುನೆಸ್ಕೋ 2020ರಲ್ಲಿ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪುಣೆಯ ದೊಡ್ಡ ಹೋಟೆಲು, ಕ್ಲಬ್ಬು, ಜಿಮ್ಮುಗಳಲ್ಲಿ ವಿದ್ಯುತ್ ಒಲೆಯೊಡನೆ ಅವತರಿಸಿರುವ ಈ ಕೋಣೆಯನ್ನು ಮೊದಲ ಸಲ ಹೊಗಲಿರುವ ಕೋಥರೂಡದ ಕನ್ನಡ ಗೃಹಸ್ಥನಿಗೆ ಅಧಿಕಾರವುಂಟೇ, ಉಂಟಾದರೆ ಸಿದ್ಧತೆ ಯಾವುದು ಎಂಬುದೇ ಇಲ್ಲಿನ ವಿಚಾರ.

ಪರದೇಶದ ಆಚಾರ ತನಗೇಕೆ ಎಂದು ಗೃಹಸ್ಥನು ತಗಾದೆ ತೆಗೆಯುವುದು ಖಂಡಿತವಾದ್ದರಿಂದ ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯವನ್ನು ಮೊದಲೇ ಅವನ ಮುಂದಿಡುವುದು ಒಳ್ಳೆಯದು. ಅಲ್ಲಿ ಹೇಳಿದ 13 ಬಗೆಯ ಅಗ್ನಿಸ್ವೇದಗಳಲ್ಲಿ, ಅಂದರೆ ಬೆಂಕಿಯಿಂದ ಬೆವರಿಸುವ ಕ್ರಮಗಳಲ್ಲಿ, ಜೇಂತಾಕವೆಂಬುದು ನೀರಿನ ಸಮೀಪದಲ್ಲಿ ಕಟ್ಟಿದ ದುಂಡನೆಯ ಮನೆಯಾಗಿದ್ದು, ನಡುವೆ ತೂತುಗಳುಳ್ಳ ಮಣ್ಣಿನ ಒಲೆಯನ್ನೂ ಗೋಡೆಯ ಸುತ್ತ ಜಗಲಿಯನ್ನೂ ಹೊಂದಿದೆ. ಬೆವರಿ ಬವಳಿ ಬಂದರೂ ಆ ಜಗಲಿಯನ್ನು ಬಿಡಬಾರದು, ಬಿಟ್ಟರೆ ಬಾಗಿಲು ಸಿಗದೆ ಪ್ರಾಣಕ್ಕೆ ಬಂದೀತು ಎಂದು ಸಂಹಿತೆ ಎಚ್ಚರಿಸುತ್ತದೆ. ಇಂದಿನ ವೈದ್ಯರು ತಲೆ ಸುತ್ತಿದ ಕ್ಷಣವೇ ಹೊರಗೆ ಬನ್ನಿ ಎನ್ನುತ್ತಾರೆ. ಬಾಗಿಲಿಗೆ ಗಾಜು ಇರುವ ಕಾಲದಲ್ಲಿ ಇವರ ಮಾತೇ ಗ್ರಾಹ್ಯ.

ಅದೇ ಅಧ್ಯಾಯವು ಬೆಂಕಿಯ ಹಂಗಿಲ್ಲದ ಇನ್ನೂ 10 ಸ್ವೇದಗಳನ್ನು ಹೇಳುತ್ತದೆ: ವ್ಯಾಯಾಮ, ಬೆಚ್ಚನೆಯ ಮನೆ, ದಪ್ಪ ಹೊದಿಕೆ, ಹಸಿವು, ಅತಿಪಾನ, ಭಯ, ಕ್ರೋಧ, ಲೇಪದ ಕಟ್ಟು, ಕಾಳಗ ಮತ್ತು ಬಿಸಿಲು. ಮೇ ತಿಂಗಳ ಮಧ್ಯಾಹ್ನ ಸ್ವಾರಗೇಟಿನಿಂದ ಕೋಥರೂಡಕ್ಕೆ ಹೊರಟವನು, ಮುಖಕ್ಕೆ ಓಢಣಿ ಸುತ್ತಿಕೊಂಡು ಸ್ಕೂಟರ್ ಏರಿದರೂ ಸರಿ, ರಿಕ್ಷಾದವನೊಡನೆ ಮೀಟರಿನ ಬಗ್ಗೆ ಚರ್ಚೆಗಿಳಿದರೂ ಸರಿ, ಇವುಗಳಲ್ಲಿ ಬಹುಪಾಲನ್ನು ಒಂದೇ ಪ್ರಯಾಣದಲ್ಲಿ ಪೂರೈಸುತ್ತಾನೆ. ಲೇಪದ ಕಟ್ಟೊಂದು ಬಾಕಿ ಉಳಿದರೆ ಅದಕ್ಕೆ ರಸ್ತೆಯ ಹೊಂಡಗಳಿವೆ. ಆದರೆ ಹಸಿದವನಿಗೆ, ಬಾಯಾರಿದವನಿಗೆ, ಸಿಟ್ಟಾದವನಿಗೆ ಸ್ವೇದ ಸಲ್ಲದೆಂದೂ ಅಲ್ಲಿಯೇ ನಿಷೇಧವಿದೆ. ಸಿಟ್ಟು ತಾನೇ ಸ್ವೇದವೂ ಹೌದು, ಸ್ವೇದಕ್ಕೆ ಅಡ್ಡಿಯೂ ಹೌದು ಎಂಬ ಈ ವಿರೋಧಕ್ಕೆ ಸಿದ್ಧಾಂತಿಯ ಪರಿಹಾರ ಹೀಗಿದೆ: ಸಿಟ್ಟಾದವನ ಸ್ನಾನ ದಾರಿಯಲ್ಲೇ ಮುಗಿದಿರುವುದರಿಂದ ಮತ್ತೆ ಸೌನಾಕ್ಕೆ ಹೋಗುವುದು ಪುನರುಕ್ತಿ ದೋಷ. ಆದಕಾರಣ ವನಾಜ್‌ನಲ್ಲಿ ಮೆಟ್ರೋ ಹತ್ತಿ, ತಣ್ಣಗೆ, ಯಾರನ್ನೂ ಮಾತನಾಡಿಸದೆ ತಲುಪತಕ್ಕದ್ದು.

ದ್ರವ್ಯವಿಚಾರದಲ್ಲಿ ತೊಡಕಿರುವುದು ವಿಹ್ತಾದ ಬಗ್ಗೆ. ಎಲೆಯುಳ್ಳ ಬರ್ಚ್ ರೆಂಬೆಗಳನ್ನು ಕಟ್ಟಿದ ಈ ಕಂತೆಯಿಂದ ಫಿನ್ನರು ಮೈಗೆ ಮೆಲ್ಲನೆ ಬಡಿದುಕೊಳ್ಳುತ್ತಾರೆ. ಬರ್ಚ್, ಅಂದರೆ ಭೂರ್ಜ ಜಾತಿಯ ಮರ, ಪುಣೆಯಲ್ಲಿ ಹೇಳಿಕೊಳ್ಳುವಂತೆ ಲಭ್ಯವಿರುವುದು 1917ರಲ್ಲಿ ಸ್ಥಾಪಿತವಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ, ಅದೂ ಕಾಶ್ಮೀರದ ಭೂರ್ಜಪತ್ರದ ಮೇಲೆ ಶಾರದಾ ಲಿಪಿಯಲ್ಲಿ ಬರೆದ ಹಸ್ತಪ್ರತಿಗಳ ರೂಪದಲ್ಲಿ. ಅಲ್ಲಿನ ಋಗ್ವೇದ ಪ್ರತಿಗಳನ್ನೂ ಯುನೆಸ್ಕೋ 2007ರಲ್ಲಿ ಪಟ್ಟಿಗೆ ಸೇರಿಸಿರುವುದು ನಿಜವಾದರೂ, ಪಟ್ಟಿ ಬೇರೆಯಾದ್ದರಿಂದ ಅವುಗಳಿಂದ ಬೆನ್ನಿಗೆ ಬಡಿದುಕೊಳ್ಳುವುದು ವಿಹಿತವಲ್ಲ. ಬೇವಿನ ಸೊಪ್ಪನ್ನು ಬದಲಿಯಾಗಿ ಹಿಡಿಯಬಹುದಾಗಿತ್ತು. ಆದರೆ ಪಕ್ಕದಲ್ಲಿ ಕುಳಿತವರು ದೆವ್ವ ಬಿಡಿಸುತ್ತಿರುವರೆಂದು ತಿಳಿದು ಎದ್ದು ಹೋಗುವ ಸಂಭವ ಹೆಚ್ಚು.

ಮೊದಲು ಮೈ ತೊಳೆದು, ಒರೆಸಿ, ಲೋಹವನ್ನೆಲ್ಲ ತೆಗೆದಿಡಬೇಕು. ಜನಿವಾರ ನೂಲಿನದಾದ್ದರಿಂದ ಬಾಧಕವಿಲ್ಲ. ಅದಕ್ಕೆ ಕಟ್ಟಿದ ಕಪಾಟಿನ ಕೀಲಿಕೈ ಮೂರನೆಯ ನಿಮಿಷಕ್ಕೆ ಎದೆಯ ಮೇಲೆ ತನ್ನ ಇರವನ್ನು ತೋರಿಸುತ್ತದೆ. 1928ರಲ್ಲಿ ಶಿಮ್ಲಾದಿಂದ ಪುಣೆಗಿಳಿದ ಹವಾಮಾನ ಇಲಾಖೆಯು 40 ಡಿಗ್ರಿ ಬರೆದುಕೊಂಡ ದಿನ ಊರೆಲ್ಲ ಅಂಗಡಿ ಮುಚ್ಚಿ ಮಲಗುತ್ತದೆ. ಸೌನಾದಲ್ಲಿ 80-90 ಡಿಗ್ರಿಯಿದ್ದರೂ ಮೈ ಬೇಯದಿರಲು ಕಾರಣ, ಗಾಳಿ ಒಣಗಿರುವುದರಿಂದ ಬೆವರು ಆರುತ್ತ ಚರ್ಮವನ್ನು ತಂಪಾಗಿಸುವುದು. ಕಲ್ಲಿಗೆ ನೀರು ಹಾಕಿದಾಗ ಏಳುವ ಲೋಯ್ಲು ಎಂಬ ಆವಿಯು ಮೈಮೇಲೆ ನೀರಾಗುತ್ತ ತನ್ನ ಶಾಖವನ್ನು ಬಿಟ್ಟುಕೊಡುವುದರಿಂದ, ಉಷ್ಣಮಾಪಕ ಸುಮ್ಮನಿದ್ದರೂ ಕಿವಿಯ ತುದಿ ಚುರುಗುಟ್ಟುತ್ತದೆ. ಹೊಸಬರು ಕೆಳಗಿನ ಹಲಗೆಯ ಮೇಲೆ, ಟವೆಲ್ ಹಾಸಿ, ಹತ್ತು ನಿಮಿಷ ಕುಳಿತರೆ ಸಾಕು. "ಕಲ್ಲಿನ ಮೇಲೆ ನೀರು ಹಾಕಬಾರದು" ಎಂಬ ಪಾಟಿ ತೂಗುವ ಸೌನಾವನ್ನು ಸೌನಾ ಎನ್ನುವುದು ಉಪಚಾರಕ್ಕೆ ಮಾತ್ರ.

ಎಲ್ಲಕ್ಕಿಂತ ಕಠಿಣವಾದದ್ದು ಮೌನ. ಸೌನಾದಲ್ಲಿ ಚರ್ಚಿನಲ್ಲಿದ್ದಂತೆ ಇರಬೇಕೆಂಬುದು ಫಿನ್ನರ ಹಳೆಯ ಕಟ್ಟಳೆ. ಬಿಸಿಯನ್ನು ತಾಳುವ ಪುಣೇಕರ, ಪಕ್ಕದವನು ನೀರು ಹಾಕಿದ ರೀತಿ ತಪ್ಪಾಗಿದೆಯೆಂದು ಗೊತ್ತಿದ್ದೂ ಹೇಳದೆ ಕೂರುವುದನ್ನು ತಾಳಲಾರ; ಇಲ್ಲಿಯೇ ಎರಡು ತಲೆಮಾರು ಕಳೆದ ಕನ್ನಡಿಗನು ಅದೇ ಅಭಿಪ್ರಾಯವನ್ನು ಎರಡು ಭಾಷೆಗಳಲ್ಲಿ ನುಂಗಬೇಕಾಗುತ್ತದೆ.

ಹೊರಬಂದ ಬಳಿಕ ಫಿನ್ನರು ಹಿಮಗಟ್ಟಿದ ಕೆರೆಗೆ ತೂತು ಕೊರೆದು ಇಳಿಯುತ್ತಾರೆ. ಚರಕನಾದರೋ ಕಣ್ಣಿನ ರಕ್ಷಣೆಗಾಗಿ ಕೂಡಲೇ ತಣ್ಣೀರು ಮುಟ್ಟಬಾರದು, ದಣಿವಾರಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ ಉಣ್ಣಬೇಕು ಎನ್ನುತ್ತಾನೆ. ಮುಠಾ ನದಿಯನ್ನು ಕಂಡವರಾರೂ ಫಿನ್ನರ ಪಕ್ಷವನ್ನು ಎತ್ತಿಹಿಡಿಯಲಾರರು. ಗೃಹಸ್ಥನು ಮನೆಗೆ ಮರಳಿ ನಲ್ಲಿ ತಿರುಗಿಸಿದಾಗ, ಮಾಳಿಗೆಯ ಮೇಲೆ ದಿನವಿಡೀ ಕಾದ ಕರಿಯ ಪ್ಲಾಸ್ಟಿಕ್ ಟಾಕಿಯಿಂದ ಬರುವ ನೀರು ಚರಕನ ವಿಧಿಯನ್ನು ತುಸು ಮೀರಿಯೇ ಪಾಲಿಸುತ್ತದೆ. ಅದಕ್ಕೆ ತಣ್ಣೀರು ಬೆರೆಸೋಣವೆಂದರೆ ಇನ್ನೊಂದು ನಲ್ಲಿಯಲ್ಲೂ ಅದೇ ನೀರು.