ಉಳದವನೇ ಹಣದ ಒಡೆಯ

ಬೇಸಾಯ ಅಂದರೆ ನೀ ಸಾಯ, ಮನೆ ಮಂದಿಯೆಲ್ಲ ಸಾಯ ಎಂದು ಗಾದೆ ಕಟ್ಟಿದವರು ಅಮೆರಿಕದ ಟೆಕ್ಸಸ್ ರಾಜ್ಯದ ವಾರ್ಟನ್ ಕೌಂಟಿಯನ್ನು ಕಂಡವರಲ್ಲ. ಶೂನ್ಯ ಬಂಡವಾಳ ಕೃಷಿಯ ಬಗ್ಗೆ ನಮ್ಮಲ್ಲಿ ಶಿಬಿರಗಳು ಸಾಕಷ್ಟು ನಡೆದಿವೆ. ಆದರೆ ನಮ್ಮವರು ಬಂಡವಾಳವನ್ನು ಶೂನ್ಯಕ್ಕೆ ತಂದು ಅಲ್ಲಿಗೇ ನಿಂತರು. ಅಲ್ಲಿಯವರು ಕೃಷಿಯನ್ನೇ ಶೂನ್ಯಕ್ಕೆ ತಂದರು.

ಈ ಶಾಸ್ತ್ರ ಒಂದೇ ದಿನಕ್ಕೆ ಹುಟ್ಟಿದ್ದಲ್ಲ. ಬೆಲೆ ನೆಲಕಚ್ಚಿದ್ದ 1933ರಲ್ಲಿ, ಬೆಳೆದು ನಿಂತ ಹತ್ತಿಯನ್ನು ಉತ್ತು ಮಣ್ಣಿಗೆ ಸೇರಿಸಿದವರಿಗೆ ರೂಸ್‌ವೆಲ್ಟ್ ಸರ್ಕಾರ ಹಣ ಕೊಟ್ಟಿತು. ಈ ಪದ್ಧತಿಯಲ್ಲಿ ಒಂದು ಗಂಭೀರ ಲೋಪವಿತ್ತು: ಹಣ ಬೇಕಾದರೆ ಹೊಲಕ್ಕಿಳಿದು ಉಳಲೇಬೇಕಿತ್ತು. 1996ರ ಕಾನೂನು ಆ ತಾಪತ್ರಯವನ್ನೂ ತಪ್ಪಿಸಿತು. ಜಮೀನಿನಲ್ಲಿ ಹಿಂದೆ ಏನು ಬೆಳೆಯುತ್ತಿದ್ದರೋ ಅದರ ಲೆಕ್ಕಕ್ಕೆ ಹಣ, ಈಗ ಏನಿದೆ ಎಂದು ಕೇಳುವವರಿಲ್ಲ. ಏಳು ವರ್ಷಗಳಲ್ಲಿ ರೈತರಿಗೆ ಸಬ್ಸಿಡಿಯ ಚಟ ಬಿಡಿಸುವುದೇ ಇದರ ಉದ್ದೇಶವಾಗಿತ್ತು. ಏಳು ತುಂಬುವ ಮೊದಲೇ, 2002ರಲ್ಲಿ, ‘ನೇರ ಪಾವತಿ’ ಎಂದು ಮರುನಾಮಕರಣ ಮಾಡಿ ಮುಂದುವರಿಸಿದರು. ಭತ್ತಕ್ಕೆ ನೂರು ಪೌಂಡಿಗೆ 2 ಡಾಲರ್ 35 ಸೆಂಟ್. ಭತ್ತ ಇರಬೇಕೆಂದಿಲ್ಲ, ಒಂದು ಕಾಲದಲ್ಲಿ ಇತ್ತೆಂದು ಕಡತ ಹೇಳಿದರೆ ಸಾಕು.

ಫಲಿತಾಂಶ ವಾರ್ಟನ್ ಕೌಂಟಿಯ ಎಲ್ ಕ್ಯಾಂಪೊ ಪಟ್ಟಣದ ಆಸುಪಾಸಿನಲ್ಲಿ ಕಂಡಿತು. ಹಳೆಯ ಗದ್ದೆಗಳು ಲೇಔಟ್‌ಗಳಾದವು. ಸೈಟು ಕೊಂಡು ಮನೆ ಕಟ್ಟಿಸಿದವರ ಹಿತ್ತಿಲಿಗೆ ಭತ್ತದ ಹಣ ಬರತೊಡಗಿತು. 2000ದಿಂದೀಚೆಗೆ ದೇಶದಾದ್ಯಂತ ಬೇಸಾಯವನ್ನೇ ಮಾಡದವರಿಗೆ ಕನಿಷ್ಠ 130 ಕೋಟಿ ಡಾಲರ್ ಸಂದಾಯವಾಗಿದೆ ಎಂದು 2006ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಲೆಕ್ಕ ಹಾಕಿತು. ಪತ್ರಿಕೆಯವರಿಗೆ ಕೃಷಿ ತಿಳಿಯದು, ಹಗರಣ ಎಂಬ ಧಾಟಿಯಲ್ಲಿ ಬರೆದರು. ಬೀಜ, ಗೊಬ್ಬರ, ಔಷಧ, ಆಳಿನ ಕೂಲಿ ಯಾವುದೂ ಇಲ್ಲದೆ ಬಂದ ಇಳುವರಿ ಇದು. ಬರಗಾಲಕ್ಕೂ ಬಾಡದ ಇಂಥ ತಳಿಯನ್ನು ಯಾವ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದೆ, ಹೇಳಿ?

ಈ ಪದ್ಧತಿಗೆ ಒಂದೇ ಒಂದು ಕಳೆಯ ಕಾಟವಿತ್ತು: ಗೇಣಿದಾರ. ನಿಜವಾಗಿ ಭತ್ತ ಬೆಳೆಯುತ್ತಿದ್ದವನು ಅವನೇ ಆದ್ದರಿಂದ ಸರ್ಕಾರದ ಹಣವೂ ಅವನ ಕೈ ಸೇರುತ್ತಿತ್ತು. ಎಚ್ಚೆತ್ತ ಮಾಲೀಕರು ಗೇಣಿ ಬಿಡಿಸಿದರು. ಗದ್ದೆ ಬೀಳು ಬಿತ್ತು, ಹಣ ನೇರವಾಗಿ ಮನೆಗೆ ಬಂತು.

2014ರಲ್ಲಿ ನೇರ ಪಾವತಿ ನಿಂತಿತು. ಸಂಶೋಧನೆ ನಿಲ್ಲಲಿಲ್ಲ. ಬೇರೆ ಹೆಸರಿನ ಯೋಜನೆಗಳಲ್ಲಿ ತಲಾ ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ ಹಾಕಿದರು. ಮಿತಿಯನ್ನು ದಾಟುವ ಬದಲು ತಲೆಗಳನ್ನೇ ಹೆಚ್ಚಿಸುವ ಉಪಾಯ 2018ರ ಕಾನೂನಿನಲ್ಲಿದೆ. ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು, ಒಡಹುಟ್ಟಿದವರ ಮಕ್ಕಳು ಕೂಡ ಈಗ ‘ಕುಟುಂಬ’. ಜಮೀನಿನ ನಿರ್ವಹಣೆಯಲ್ಲಿ ಪಾಲ್ಗೊಂಡರಾಯಿತು, ಕೈಗೆ ಮಣ್ಣಾಗಬೇಕಿಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿ: ನೇಗಿಲು ಹೋದರೂ ಪರವಾಗಿಲ್ಲ, ಹಳೆಯ ಪಹಣಿ ಜೋಪಾನ. ಪಾಲಿನ ಜಗಳದಲ್ಲಿ ದೊಡ್ಡಪ್ಪನ ಮಕ್ಕಳೊಂದಿಗೆ ಮಾತು ಬಿಟ್ಟಿದ್ದರೆ ಇವತ್ತೇ ರಾಜಿಯಾಗಿ.