ಐದ ಮಿನಿಟ್ರೀ ಕಾಕಾ!

ನಮ್ಮ ಕಡೆ ‘ಹಚ್ಚು’ ಅನ್ನೋ ಒಂದು ಮಾತಿನ ಮೇಲೆ ಸಂಸಾರ ನಡೀತದ. ದೀಪ ಹಚ್ಚತೀವಿ, ಕುಂಕುಮ ಹಚ್ಚತೀವಿ, ಗಿಡ ಹಚ್ಚತೀವಿ, ಫೋನ್ ಹಚ್ಚತೀವಿ. ಕಡೀಕೆ ಗಾಡೀನೂ ಹಚ್ಚತೀವಿ. ಪಾರ್ಕಿಂಗ್ ಅನ್ನೋದು ಬೋರ್ಡಿನ ಮೇಲಿನ ಮಾತು.

ಮಹಾರಾಷ್ಟ್ರದ ಜತ್ತ ತಾಲೂಕಿನ ಗುಡ್ಡಾಪುರದಾಗ ಛಟ್ಟಿ ಅಮಾಸಿ ಬಂತಂದ್ರ ದಾನಮ್ಮದೇವಿಗೆ ದೀಪ ಹಚ್ಚಾಕ ಬಂದವರೆಲ್ಲಾ ನಮ್ಮ ಬಾಗಲಕ್ಕ ಗಾಡಿ ಹಚ್ಚತಾರ. ವಿಜಯಪುರ, ಬಾಗಲಕೋಟಿ ಕಡಿಂದ ನಡಕೊಂತ ಬರೋ ಭಕ್ತರಿಗೆ ನನ್ನ ಕೈ ಎತ್ತಿದ ನಮಸ್ಕಾರ. ಅವರು ಚಪ್ಪಲಿ ಬಿಟ್ಟರ ಮತ್ತೇನೂ ಬಿಡೂದಿಲ್ಲ. ತ್ರಾಸು ಅವರನ್ನ ಹೊಳ್ಳಿ ಕರಕೊಂಡು ಹೋಗಾಕ ಬರೋ ಗಾಡಿಗೋಳದು.

ಮೊದಲು ಚಕ್ಕಡಿ ಇದ್ವು. ಎತ್ತು ಬಿಚ್ಚಿದ ಮ್ಯಾಲೆ ನಾಕು ಮಂದಿ ನೊಗ ಹಿಡಿದು ಸರಿಸಿದರ ಮುಗೀತು. ಎತ್ತು ಹಾಕಿದ ಶೆಗಣಿ ನಮ್ಮ ತಿಪ್ಪಿಗೆ ಲಾಭ. ಈಗಿನ ಕಾರು ಶೆಗಣಿನೂ ಹಾಕೂದಿಲ್ಲ, ಸರಿಯೂದೂ ಇಲ್ಲ. ಕೈ ಮುಟ್ಟಿದರ ಎಳೆ ಕೂಸಿನಂಗ ಕುಂಯ್ ಕುಂಯ್ ಅಂತದ.

ಬೋರ್ಡು ಹಚ್ಚಿ ನೋಡಿದೆ. ಕನ್ನಡದಾಗ ಬರೆದರ ಎಂಎಚ್-10ನವರು ‘ಕನ್ನಡ ಯೇತ ನಾಹೀ’ ಅಂದ್ರು. ಮರಾಠಿಯಾಗ ಬರೆದರ ಕೆಎ-28ನವರು ‘ನಮಗ ಮರಾಠಿ ಬರೂದಿಲ್ರೀ’ ಅಂದ್ರು. ಎರಡೂ ಭಾಷೆಯಾಗ ಬರೆದೆ. ಬೋರ್ಡು ಕಾಣದಂಗ ಟೆಂಪೋ ನಿಲ್ಲಿಸಿದ್ರು. ಕಲ್ಲು ಇಟ್ಟೆ, ಗಾಡಿ ಉರುಳಬಾರದಂತ ಅದನ್ನೇ ಎತ್ತಿ ಗಾಲಿಗೆ ಕೊಟ್ರು!

ಕಡೀಕೆ ಕಾಯ್ದೆ ತೆಗೆದೆ. ‘1988ರ ಮೋಟಾರು ವಾಹನ ಕಾಯ್ದೆ, 122ನೇ ಕಲಂ! ಮಂದಿಗೆ ಅಡ್ಡ ಆಗೂವಂಗ ಗಾಡಿ ಬಿಟ್ಟು ಹೋಗಬಾರದು!’

ಗಾಡಿ ಹಚ್ಚಿದ ಹುಡುಗ ನಕ್ಕ. ‘ಐದ ಮಿನಿಟ್ರೀ ಕಾಕಾ. ದಾನಮ್ಮನ ಊರಾಗ ಇದ್ದು ನಾಕು ಮೊಳ ಜಾಗಾ ದಾನ ಮಾಡಾಕ ಆಗೂದಿಲ್ಲೇನ್ರೀ?’

ನನ್ನ ಬಾಯಿಗೆ ಕೀಲಿ ಬಿತ್ತು. ಅವನ ಐದು ಮಿನಿಟು ಮುಗಿಯೂದ್ರಾಗ ಹೊತ್ತು ಮುಳುಗಿತ್ತು. ಬರೋವಾಗ ಕೈಯಾಗ ಪ್ರಸಾದ ಹಿಡಕೊಂಡು ಬಂದ. ಪ್ರಸಾದ ಕೊಟ್ಟವನನ್ನ ಬೈಯೂದು ಹ್ಯಾಂಗ? ತಿಂದೆ, ಸುಮ್ಮನಾದೆ.

‘ಅಷ್ಟಕ್ಕೂ ರಸ್ತೆ ನಮ್ಮದಲ್ಲರೀ, ಸರಕಾರದ್ದು’ ಅಂದಳು ಮನ್ಯಾಕಿ.

ಯಾವ ಸರಕಾರ? ನಮ್ಮ ಜತ್ತದ್ದೂ ಇದೇ ಕತಿ. 1956ರಾಗ ರಾಜ್ಯ ಹಂಚೋವಾಗ ಅದನ್ನ ಮುಂಬಯಿ ಬಾಗಲಕ್ಕ ಹಚ್ಚಿದ್ರು. 1967ರಾಗ ಗಡಿ ತಂಟೆ ನೋಡಾಕ ಕೂತ ಮಹಾಜನ ಆಯೋಗ, ಇದರಾಗಿನ ಒಂದಿಷ್ಟು ಹಳ್ಳಿ ಮೈಸೂರು ರಾಜ್ಯದ ಬಾಗಲಕ್ಕ ಸರಿಸ್ರಿ ಅಂತ ವರದಿ ಬರೀತು. ಸರಿಸೋರು ಯಾರು? ಹ್ಯಾಂಡ್‌ಬ್ರೇಕ್ ಜಗ್ಗಿ, ಚಾವಿ ಕಿಸೆದಾಗ ಹಾಕ್ಕೊಂಡು ‘ಐದ ಮಿನಿಟ್’ ಅಂತ ಹೋದವರು ಇನ್ನೂ ದರ್ಶನದ ಪಾಳಿಯಾಗೇ ನಿಂತಾರ.