ಸಾಹೇಬರ ಪಿಪಿಟಿ

(ನಾಳೆ ಮಂತ್ರಿಗಳ ಪ್ರಗತಿ ಪರಿಶೀಲನಾ ಸಭೆ. ಎಂದೂ ಐದರ ಮೇಲೆ ತೆರೆದಿರದ ಕಚೇರಿಯಲ್ಲಿ ರಾತ್ರಿ ಎಂಟಕ್ಕೂ ದೀಪ ಉರಿಯುತ್ತಿದೆ.)

ಸಾಹೇಬರು: ಏನಯ್ಯಾ ಇದು? ಇಡೀ ಸ್ಲೈಡಿಗೆ ಒಂದೇ ಸಾಲು! ‘ಆರು ಹಳ್ಳಿಗೆ ನೀರಿಲ್ಲ.’

ಆಪರೇಟರ್: ಹಿಂದಿನ ಸಾಲಿನವರಿಗೂ ಕಾಣಲಿ ಅಂತ ದಪ್ಪಕ್ಷರ ಹಾಕಿದೆ ಸಾರ್.

ಸಾಹೇಬರು: ಕಾಣುತ್ತಲ್ಲ, ಅದೇ ತೊಂದರೆ! ನೀರಿನ ಮಾತು ಕೊನೇ ಸಾಲಿಗೆ ಹೋಗಲಿ, ಸಣ್ಣಕ್ಷರದಲ್ಲಿ. ಮೇಲೆ ಯೋಜನೆಯ ಗುರಿ, ಗುರಿಯ ಉದ್ದೇಶ, ಉದ್ದೇಶದ ಹಿನ್ನೆಲೆ ತುಂಬು.

ಆಪರೇಟರ್: ನಾಸಾದಲ್ಲೂ ಹೀಗೇ ಆಗಿತ್ತು ಸಾರ್. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆಯ ರೆಕ್ಕೆಗೆ ಫೋಮ್ ತುಂಡು ಬಡಿದಿತ್ತಲ್ಲ, ಆಗ ಎಂಜಿನಿಯರುಗಳು ತೋರಿಸಿದ ಸ್ಲೈಡಿನ ತಲೆಬರಹ ಧೈರ್ಯ ಹೇಳುತ್ತಿತ್ತು. ಪರೀಕ್ಷೆ ಮಾಡಿದ ತುಂಡು 3 ಘನ ಇಂಚು, ಬಡಿದದ್ದು ಅಂದಾಜು 1920 ಅನ್ನೋದು ತೀರಾ ಕೆಳಗಿತ್ತು. ಏಳು ಜನ ಹೋದರು. ತನಿಖಾ ಮಂಡಳಿಯೇ ಆ ಸ್ಲೈಡನ್ನು ಟೀಕಿಸಿತು.

ಸಾಹೇಬರು: ಕೆಳಗಾದರೂ ಇತ್ತು ತಾನೇ? ಆಡಿಟ್‌ಗೆ ಅಷ್ಟು ಸಾಕು.

(ಸಾಹೇಬರ ಆಡಳಿತ ಶಾಸ್ತ್ರ ಇಷ್ಟೇ: ಹೇಳಿರಬೇಕು, ಕೇಳಿಸಬಾರದು.)

ಸಾಹೇಬರು: ಖರ್ಚಿನ ಲೆಕ್ಕಕ್ಕೆ ಥ್ರೀ-ಡಿ ಪೈ ಚಾರ್ಟ್ ಹಾಕು.

ಆಪರೇಟರ್: ಅದು ವಾಲಿಕೊಂಡಿರುತ್ತೆ ಸಾರ್. ಮುಂದಿರೋ ಹೋಳು ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಸಾದಾ ಕಂಬದ ಚಿತ್ರ ವಾಸಿ.

ಸಾಹೇಬರು: ಹೌದಾ? ಹಾಗಾದರೆ ‘ಮುಗಿದ ಕಾಮಗಾರಿ’ ಹೋಳನ್ನೇ ಮುಂದಕ್ಕೆ ತಿರುಗಿಸು. ನೀನೂ ಓದಿದವನೇ ಕಣಯ್ಯಾ!

ಆಪರೇಟರ್: ಮಂತ್ರಿಗಳು ಪ್ರಶ್ನೆ ಕೇಳಿದರೆ?

ಸಾಹೇಬರು: ಎಪ್ಪತ್ತನೇ ಸ್ಲೈಡಿನ ಹೊತ್ತಿಗೆ ಊಟದ ವೇಳೆ ಆಗಿರುತ್ತೆ. ‘ಧನ್ಯವಾದಗಳು’ ಪಕ್ಕ ಒಂದು ಗುಲಾಬಿ ಹೂ ಹಾಕು, ತಿರುಗೋ ಥರ.